ಮೇಲಿನ ಸ್ವಿಚ್ಚಿನ ತಂತಿ

ರೋಬೋಟಿನ ತೋಳು ಮೇಲೇರಿತು, ತುದಿಯ ಸ್ವಿಚ್ಚಿಗೆ ತಾಗಿತು, ನಿಂತಿತು. ಅಲ್ಲಿಗೆ ಮುಗಿಯಿತು. ಗುಬ್ಬಿ ಎಷ್ಟು ಸಲ ಕೀಲಿ ಒತ್ತಿದರೂ ಕೆಳಗಿಳಿಯಲೊಲ್ಲದು.

"ನಿಮ್ಮ ವೈರಿಂಗೇ ಸರಿ ಇಲ್ಲ," ಎಂದಳು, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಕಾಲೇಜಿನ ರೋಬೋಟ್ ತಂಡದಲ್ಲಿ ಪ್ರೋಗ್ರಾಮ್ ಬರೆಯುವವಳು ಅವಳು. ಗುಬ್ಬಿ ಎಂದು ಹೆಸರಿಟ್ಟವರಿಗೆ ಅವಳ ಮೂಗಿನ ತುದಿಯ ಕೋಪ ಗೊತ್ತಿರಲಿಲ್ಲ. ತಂತಿ ಬೆಸೆಯುವವನನ್ನು ಎಲ್ಲರೂ ಕರೆಯುತ್ತಿದ್ದುದು ಮೌನಿ ಎಂದು. ವಾರಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನು ಮೇಜು ಬಳಸಿ ಬಂದು ಅವಳ ಭುಜದ ಹಿಂದಿನಿಂದ ಪರದೆಗೆ ಇಣುಕಿದ.

"ಸ್ವಿಚ್ ಒತ್ತಿದ್ರೆ ಮೋಟರ್ ನಿಲ್ಲು ಅಂತ ಬರೆದಿದ್ದೀರಿ. ಅದು ಒತ್ಕೊಂಡೇ ಇದೆ. ಪಾಪ, ಎಲ್ಲಿಗೆ ಹೋಗತ್ತೆ? ಮೇಲೆ ಹೋಗ್ಬೇಡ ಅನ್ನಿ ಸಾಕು. ಇಳಿಯೋಕೆ ಬಿಡಿ."

ಒಂದು ಸಾಲು ತಿದ್ದಿದಳು. ತೋಳು ಸದ್ದಿಲ್ಲದೆ ಇಳಿಯಿತು. ಅವನು ಮುಷ್ಟಿಯಿಂದ ಬಾಯಿ ಮುಚ್ಚಿಕೊಂಡ, ಆದರೆ ಕಿವಿಗಳು ಕೆಂಪಾಗಿದ್ದವು.

"ನಗೋದಾದ್ರೆ ಸರಿಯಾಗಿ ನಗಿ."

"ನೀವು ಬೈತೀರಿ."

"ಬೈಯಲ್ಲ."

"ಹಾಗಾದ್ರೆ ಏನು ಮಜಾ," ಎಂದು ಅವನು ತನ್ನ ಮೇಜಿಗೆ ಹಿಂದಿರುಗಿದ.

ಎರಡು ತಿಂಗಳಲ್ಲಿ 'ನೀವು' ಹೋಗಿ 'ನೀನು' ಬಂತು. ಅವನು ತಂತಿಯ ಸಿಪ್ಪೆ ಸುಲಿಯುವಾಗ ಗುಬ್ಬಿ ಪ್ರೋಗ್ರಾಮ್ ಮರೆತು ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಅವನು ಕಣ್ಣೆತ್ತಿದರೆ ತಟ್ಟನೆ ಕೀಲಿಮಣೆ ಕುಟ್ಟುತ್ತಿದ್ದಳು. ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು. ಅಳತೆಯ ಉಪಕರಣಗಳನ್ನು ಜೋಡಿಸುವ ಕಾರ್ಖಾನೆಯೊಂದು ಆ ಬೆರಳುಗಳನ್ನು ಆಗಲೇ ಆರಿಸಿಕೊಂಡಿತ್ತು. ಪರೀಕ್ಷೆ ಮುಗಿದರೆ ಅವನಿಗೆ ಕೆಲಸ. ಆಮೇಲೆ ಹೇಳಿಬಿಡಬೇಕು ಎಂದು ಇಬ್ಬರೂ ಒಳಗೊಳಗೇ ಅಂದುಕೊಂಡಿದ್ದರು.

ಸ್ಪರ್ಧೆಗೆ ಒಂದು ವಾರವಿತ್ತು.

"ಮೇಲಿನ ಸ್ವಿಚ್ ಬೇರೆ ಥರ ಜೋಡಿಸ್ತೀನಿ," ಎಂದ ಮೌನಿ. "ಈಗ ಒತ್ತಿದಾಗ ಮಾತ್ರ ಸಿಗ್ನಲ್ ಬರತ್ತೆ. ತಂತಿ ಕಿತ್ತು ಹೋದ್ರೆ ಪ್ರೋಗ್ರಾಮಿಗೆ ಗೊತ್ತೇ ಆಗಲ್ಲ. ಸಿಗ್ನಲ್ ಯಾವಾಗ್ಲೂ ಇರ್ಲಿ, ಸ್ವಿಚ್ ಒತ್ತಿದ್ರೂ ತಂತಿ ಕಿತ್ರೂ ಅದು ತಪ್ಪಿ ಮೋಟರ್ ನಿಲ್ಲಲಿ. ನೀನೂ ಒಂದು ಸಾಲು ಬದಲಾಯಿಸ್ಬೇಕು."

"ಸ್ಪರ್ಧೆ ಮುಗೀಲಿ, ಪ್ಲೀಸ್. ನಡೀತಿರೋದನ್ನ ಯಾಕೆ ಕೆದಕ್ತೀಯ?"

ಅವಳು ಪ್ಲೀಸ್ ಅಂದರೆ ಅವನು ಕರಗಿಹೋಗುತ್ತಿದ್ದ. ಅದು ಅವಳಿಗೆ ಗೊತ್ತಿತ್ತು.

ತೋಳು ಯಾವಾಗಲೂ ಮೇಲಿನ ಚೌಕಟ್ಟಿಗೆ ಒಂದು ಗೇಣು ಕೆಳಗೇ ನಿಲ್ಲುತ್ತಿತ್ತು. ಮರುದಿನ ಮಧ್ಯಾಹ್ನ ಆ ನಂಬಿಕೆಯಲ್ಲೇ ಅವನು ಚೌಕಟ್ಟು ಹಿಡಿದು ಬೋಲ್ಟ್ ಬಿಗಿ ಮಾಡುತ್ತಿದ್ದ. ಅವಳು ತೋಳನ್ನು ಎತ್ತಿಸಿದಳು. ಸ್ವಿಚ್ ಟಿಕ್ ಎಂದಿತು. ತಂತಿಯ ಬೆಸುಗೆ ಬಿಟ್ಟಿತ್ತು, ತೋಳು ನಿಲ್ಲಲಿಲ್ಲ.

ಅವಳು ಬ್ಯಾಟರಿಯ ತಂತಿ ಕಿತ್ತೆಸೆಯುವಷ್ಟರಲ್ಲಿ ಅವನ ಬಲಗೈಯ ಎರಡು ಬೆರಳುಗಳು ನಜ್ಜುಗುಜ್ಜಾಗಿದ್ದವು.

ಆಸ್ಪತ್ರೆಯಲ್ಲಿ ತಂಡದ ಮೇಷ್ಟ್ರು ಕೇಳಿದಾಗ ಅವನು, "ಬೆಸುಗೆ ನಂದು ಸರ್. ಸರಿಯಾಗಿ ಹಾಕಿರ್ಲಿಲ್ಲ," ಎಂದ. ಹಾಗೆ ಹೇಳಿ, ಮೇಷ್ಟ್ರ ಬೆನ್ನ ಹಿಂದಿದ್ದ ಗುಬ್ಬಿಯನ್ನು ನೋಡಿದ. ಬಾಯಿ ಬಿಡಬೇಡ ಎನ್ನುವ ನೋಟ.

ಅವಳು ಬಾಯಿ ಬಿಡಲಿಲ್ಲ. ಸ್ಪರ್ಧೆ ಮುಗಿಯಲಿ, ಹೇಳಿದರಾಯಿತು ಎಂದುಕೊಂಡಳು. ರೋಬೋಟಿಗೆ ಎರಡನೆಯ ಬಹುಮಾನ ಬಂತು. ಎಲ್ಲರೂ ಚಪ್ಪಾಳೆ ತಟ್ಟುವಾಗ ಅವಳು ಮೇಲಿನ ಸ್ವಿಚ್ಚನ್ನೇ ನೋಡುತ್ತಿದ್ದಳು. ಮರುದಿನ ಬೆಳಿಗ್ಗೆಯೇ ಮೇಷ್ಟ್ರ ಕೋಣೆಗೆ ಹೋಗಿ, ಸ್ವಿಚ್ಚಿನ ಜೋಡಣೆ ಬದಲಿಸೋಣವೆಂದು ಅವನು ಕೇಳಿದ್ದನ್ನೂ ತಾನು ಬೇಡವೆಂದದ್ದನ್ನೂ ಹೇಳಿದಳು.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೈ ವಾಸಿಯಾಗೋವರೆಗೂ ಕಾಯ್ತೀವಿ ಅಂದಿದ್ರಮ್ಮ ಕಾರ್ಖಾನೆಯವರು. ಏನಾಯ್ತು ಅಂತ ಕೇಳಿದ್ರು. ಹುಡುಗನ ಅಜಾಗರೂಕತೆ ಅಂತ ಬರೆದು ಕಳಿಸ್ಬಿಟ್ಟೆ. ಆ ಜಾಗಕ್ಕೆ ಬೇರೆಯವರು ಬಂದಾಯ್ತು."

ಅಲ್ಲಿಂದ ಅವನ ಮನೆಗೆ ಹೇಗೆ ನಡೆದುಹೋದಳೋ ಅವಳಿಗೇ ತಿಳಿಯದು. ಬಾಗಿಲು ತೆರೆದ ಅವನ ಅಕ್ಕ ಒಳಗೆ ಬಿಟ್ಟರು. ಅವನು ಕಿಟಕಿಯ ಪಕ್ಕ ಕೂತು ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದ. ಒಂದನೆಯ ಕ್ಲಾಸಿನ ಮಗುವಿನ ಸೊಟ್ಟ ಅಕ್ಷರಗಳು.

"ಸರ್‌ಗೆ ಎಲ್ಲ ಹೇಳ್ಬಿಟ್ಟೆ," ಎಂದಳು.

"ಯಾಕೆ ಹೇಳೋಕೆ ಹೋದೆ? ನಿನ್ನ ಹೆಸರಾದ್ರೂ ಉಳೀತಿತ್ತು."

"ಬೈಯಿ ನನಗೆ. ಒಂದು ಸಲ ಬೈದುಬಿಡು."

"ಬರಲ್ವಲ್ಲ ನನಗೆ."

"ನಿನ್ನನ್ನ ಪ್ರೀತಿಸ್ತೀನಿ ಕಣೋ," ಎಂದಳು. ಎಷ್ಟೋ ದಿನ ಬಚ್ಚಿಟ್ಟ ಮಾತು, ಕೊನೆಗೆ ಕ್ಷಮೆ ಕೇಳಿದ ಹಾಗೆ ಹೊರಬಿತ್ತು.

ಅವನು ಪೆನ್ಸಿಲ್ ಕೆಳಗಿಟ್ಟ. "ಗೊತ್ತು. ನಾನೂ ಅಷ್ಟೇ. ನೀನು ಮೊದಲ ದಿನ ತಲೆ ಎತ್ತದೆ ಬೈದೆಯಲ್ಲ, ಆವತ್ತಿಂದ." ಬ್ಯಾಂಡೇಜ್ ಸುತ್ತಿದ ಬಲಗೈಯನ್ನು ಮಡಿಲಿಗೆ ಎಳೆದುಕೊಂಡ. "ಆದ್ರೆ ನೀನು ಬಂದಾಗಿಂದ ನನ್ನ ಮುಖ ನೋಡಿಲ್ಲ. ಕೈ ನೋಡ್ತಿದ್ದೀಯ. ಜೀವನ ಪೂರ್ತಿ ಹೀಗೇ ನೋಡ್ತೀಯ. ನನ್ನಿಂದ ತಡ್ಕೊಳ್ಳೋಕೆ ಆಗಲ್ಲ. ಇನ್ನು ಬರಬೇಡ."

ಅವಳು ಥಟ್ಟನೆ ಮುಖ ಎತ್ತಿ ನೋಡಿದಳು. ಅವನ ಕಣ್ಣು ತುಂಬಿತ್ತು. ಆದರೂ ಅವಳ ನೋಟ ಜಾರಿ ಮತ್ತೆ ಬ್ಯಾಂಡೇಜಿನ ಮೇಲೇ ನಿಂತಿತು. ಇಬ್ಬರಿಗೂ ಅದು ತಿಳಿಯಿತು.

ಡಾಕ್ಟರ ಬಳಿ ಹೋಗುವ ಹೊತ್ತಾಗಿತ್ತು. ಅವನು ಎದ್ದು ಅಂಗಿ ತೊಟ್ಟ. ಎಡಗೈ ಒಂದರಲ್ಲೇ ಗುಂಡಿ ಹಾಕಲು ತಡಕಾಡಿದ. ಮೊದಲನೆಯದು ಜಾರಿತು, ಮತ್ತೂ ಜಾರಿತು. ಗುಬ್ಬಿ ತಡೆಯಲಾರದೆ ಕೈ ಚಾಚಿ ಮುಂದೆ ಬಂದಳು.

ಅವನು ಒಂದು ಹೆಜ್ಜೆ ಹಿಂದೆ ಸರಿದು, ಬಾಗಿಲ ಕಡೆ ತಿರುಗಿ ಕರೆದ. "ಅಕ್ಕಾ, ಒಂದು ನಿಮಿಷ ಬಾ. ಗುಂಡಿ ಹಾಕು."