ಮೆಹಮಾನ ರೋಜಾ ಬಿಟ್ಟದ್ದು ಎಲ್ಲಿ?

"ನನ್ನ ಹಜ್ ಹೋತ್ರಿ ಟೀಚರ್!" ಎಂದು ವಜೀರುನ್ನಿಸಾ ಖಾಲಾ ಹೊಸ್ತಿಲಲ್ಲೇ ಕುಸಿದು ಕೂತಾಗ, ಪಕ್ಕದ ಮನೆಯ ಸುವರ್ಣಾ ಸರ್ವರಬೇಗಂಳ ಮನೆಯೊಳಗೆ ರೊಟ್ಟಿ ಬುಟ್ಟಿ ಮುಂದಿಟ್ಟುಕೊಂಡು ನಿಶಾತನ ಜನ್ಮ ಜಾಲಾಡುತ್ತಿದ್ದಳು.

ಸುವರ್ಣಾಳ ಸಿಟ್ಟಿಗೆ ಕಾರಣವಿತ್ತು. ಮೊಬೈಲ್ ಅಂಗಡಿಯ ನಿಶಾತ ಒಂಟಿ ಮನುಷ್ಯ. ಹೆಂಡತಿ ಹೆರಿಗೆಗೆಂದು ಜೇವರ್ಗಿಯ ತವರಿಗೆ ಹೋಗಿದ್ದಳು. ಅವನ ಮಧ್ಯಾಹ್ನದ ಊಟ, ರೊಟ್ಟಿ ಬಡಿದು ಮಾರುವ ಸುವರ್ಣಾಳ ಮನೆಯಿಂದಲೇ ಹೋಗುತ್ತಿತ್ತು. "ಇಷ್ಟು ದಿನ ವಾರದಾಗ ಎರಡು ಸಲ ದುಪ್ಪಟ್ಟು ರೊಟ್ಟಿ ಒಯ್ಯಾಂವ ಆಪಾ. ಈಗ ಬಡದಿಟ್ಟ ಮ್ಯಾಲೆ ಬ್ಯಾಡ ಅಂತಾನ. ಯಾರ ಬಾಯಿಗೆ ಹಾಕಲಿ ಇವನ್ನ?" ಎಂದು ಅವಳು ಕೇಳುತ್ತಿದ್ದಂತೆಯೇ ಖಾಲಾ ಬಂದಿದ್ದು.

ಸರ್ವರಬೇಗಂ ಆಳಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಕಳೆದುಹೋದ ಎಮ್ಮೆಯಿಂದ ಹಿಡಿದು ಓಡಿಹೋದ ಗಂಡನವರೆಗೆ ತಾಲೂಕಿನ ಅರ್ಧ ತಂಟೆ ಅವಳ ಮನೆಗೇ ಬರುತ್ತಿತ್ತು. ಅವಳು ಖಾಲಾಗೆ ನೀರು ಕೊಟ್ಟು, ಅಳು ನಿಲ್ಲುವವರೆಗೆ ಸುಮ್ಮನೆ ಶೇಂಗಾ ಸುಲಿದಳು.

ಸಂಗತಿ ಊರಿಗೇ ಗೊತ್ತಿತ್ತು. ಖಮರಸಾಹೇಬ ಎಂಬ ಮನುಷ್ಯ ಹೊರಗಿನಿಂದ ಬಂದ. ಬಡ್ಡಿ ಹರಾಮ್ ಎಂದು ಬ್ಯಾಂಕಿನ ಬಡ್ಡಿಯನ್ನೂ ಮುಟ್ಟದ ಜನರಿಗೆ, "ಇದು ಬಡ್ಡಿ ಅಲ್ಲ, ನಫಾದಾಗ, ಲಾಭದಾಗ ಪಾಲು" ಎಂದ. ನರೋಣಾದ ಹತ್ತಿರ ಆಡಿನ ಫಾರ್ಮು ಎಂದ. ಮಸೀದಿಯ ಜಮಾತಿನವರು ಕೂಡಿಟ್ಟದ್ದನ್ನೆಲ್ಲ ತಂದು ಸುರಿದರು. ಈಗ ಖಮರನೂ ಇಲ್ಲ, ಆಡೂ ಇಲ್ಲ. ನರೋಣಾಕ್ಕೆ ಹೋಗಿ ನೋಡಿದವರಿಗೆ ಕಂಡದ್ದು ಬರೀ ಜಾಲಿಕಂಟಿ.

"ಒಂದು ಕಾಗದರ ಬರಿಸಿಕೊಂಡ್ರಿಲ್ಲ ಖಾಲಾ?" ಸುವರ್ಣಾಗೆ ತಡೆಯಲಾಗಲಿಲ್ಲ.

"ರೋಜಾ ಇದ್ದಾಂವಗ ಕಾಗದ ಹ್ಯಾಂಗ ಕೇಳ್ಬೇಕವ್ವ? ಸೋಮವಾರ, ಗುರುವಾರ ಬರ್ತಿದ್ದ. ಬಂದಾಗೆಲ್ಲ ರೋಜಾ, ಸಂಜಿತನಕಾ ಉಪಾಸ. ಒಂದು ಗುಟುಕು ಚಾ ಸುದ್ದಾ ಮುಟ್ಟಲಿಲ್ಲ."

ಸುವರ್ಣಾ ಹಣೆ ಬಡಿದುಕೊಂಡಳು.

"ಎಲ್ಲಾ ಆ ಮೌಲಾಲಿದು ಕಾರಸ್ತಾನ" ಎಂದಳು ಖಾಲಾ. "ಜುಮ್ಮಾ ದಿನ ಎದ್ದು ನಿಂತು, ಇಂವ ನಮ್ಮ ಮನಿಗೆ ಬಂದ ಮೆಹಮಾನ ಅಂದಾಂವ ಅವನ. ಮನಿಮನಿ ಗುಟ್ಟು ಆ ಕಳ್ಳಗ ಹೇಳಿದಾಂವನೂ ಅವನ ಅಂತ ನಿಶಾತ ಹೇಳ್ತಾನ. ನಾ ಹಜ್‌ಕ್ಕ ಕೂಡಿಟ್ಟದ್ದು ಹೊರಗಿನವಗ ಹ್ಯಾಂಗ ಗೊತ್ತು? ಈ ಶುಕ್ರವಾರ ಮೌಲಾಲಿನ್ನ ಜಮಾತಿನಿಂದ ಹೊರಗ ಹಾಕ್ತಾರ."

ಹೊರಗೆ ಹಾಕಿದರೆ ಆಗುವುದೇನು ಎಂದು ಸುವರ್ಣಾಗೆ ಗೊತ್ತಿತ್ತು. ಮೌಲಾಲಿಯ ಮಗಳು ಫರಹೀನಳ ನಿಕಾಹ ಅಫಜಲಪುರದ ಹುಡುಗನ ಜೊತೆ ನಿಶ್ಚಯವಾಗಿತ್ತು. ಬೀಗರು ಶುಕ್ರವಾರದ ತೀರ್ಮಾನಕ್ಕಾಗಿ ಕಾಯುತ್ತಿದ್ದರು. ಎಲ್ಲಿಂದಲೋ ಬಂದ ಒಬ್ಬ ಕಳ್ಳನಿಂದ ಈ ಹುಡುಗಿಯ ಬಾಳಿಗೂ ಕಲ್ಲು ಬಿತ್ತಲ್ಲ ಎಂದು ಅವಳು ಖಮರನಿಗೆ ಮನಸಾರೆ ಶಾಪ ಹಾಕಿದಳು.

ಅವರಿಬ್ಬರೂ ಹೋದಾಗ ಮೌಲಾಲಿ ಮನೆಯಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದ. "ಸತ್ತ ನಮ್ಮಪ್ಪನ ಹೆಸರು ಹೇಳಿಕೊಂಡು ಬಂದಾನ್ರಿ. ಅಪ್ಪ ಅತ್ತರ ಹಚ್ಚಿಕೊಳ್ತಿದ್ದದ್ದು ಸುದ್ದಾ ಹೇಳ್ಯಾನ್ರಿ. ಮೆಹಮಾನ ಅನ್ನದ ಏನನ್ಲಿ?"

"ಯಾರ ಮನ್ಯಾಗ ರೋಜಾ ಬಿಡ್ತಿದ್ದ?" ಎಂದಳು ಸರ್ವರಬೇಗಂ.

ಸುವರ್ಣಾಗೆ ರೇಗಿತು. ಮನೆಗೆ ಬೆಂಕಿ ಬಿದ್ದಿದೆ, ಈಕೆ ರೋಜಾ ಬಿಡುವ ಖಜೂರದ ಲೆಕ್ಕ ಕೇಳುತ್ತಾಳೆ!

ಮೌಲಾಲಿಯ ಮುಖ ಬಿಗಿಯಿತು. "ಕರದು ಕರದು ಸಾಕಾತ್ರಿ. ಮಲಂಗಸಾಬ ಮೊದ್ಲ ಕರದಾನ ಅಂತಿದ್ದ. ರೋಜೇದಾರಗ ರೋಜಾ ಬಿಡಿಸಿದ್ರ ಅವನಷ್ಟ ಸವಾಬು, ಪುಣ್ಯ ನಮಗೂ ಬರ್ತದ. ಆ ಸವಾಬೆಲ್ಲ ಮಲಂಗಸಾಬ ಒಬ್ಬನ ನುಂಗಿದ."

ಆಟೋ ಓಡಿಸುವ ಮಲಂಗಸಾಬನ ದೂರು ಬೇರೆಯೇ. "ನಾನ್ಯಾಕ ನುಂಗಲಿ? ಇಫ್ತಾರಿ ಖಾಲಾ ಮನ್ಯಾಗ ಐತಿ ಅಂತ ನನಗ ಹೇಳ್ತಿದ್ದ. ಬಸ್ ಸ್ಟ್ಯಾಂಡಿನಿಂದ ಕರಕೊಂಡು ಬಂದ್ರ ಯಾರ ಮನಿ ಮುಂದೂ ಇಳೀತಿದ್ದಿಲ್ಲ, ಬಜಾರದಾಗ ಇಳಿದು ನಡಕೋತ ಹೋಗ್ತಿದ್ದ." ಇದೇ ಸವಾಬಿನ ಜಗಳದಲ್ಲಿ ಅವನೂ ಮೌಲಾಲಿಯೂ ಮಾತು ಬಿಟ್ಟಿದ್ದರು. ಇನ್ನು ಖಾಲಾ, ಪ್ರತಿ ಸಲ ಖೀರು ಮಾಡಿಟ್ಟು ಕಾದವಳು. ಅವಳಿಗೆ ಅವನು ಹೇಳಿದ್ದು ಮೌಲಾಲಿಯ ಮನೆ.

ಕೊನೆಗೆ ನಿಶಾತನ ಅಂಗಡಿ. "ನಂದೂ ರೊಕ್ಕ ಮುಳುಗ್ಯಾದ್ರಿ ಟೀಚರ್! ಆ ಮೌಲಾಲಿನ್ನ ಬಿಡಬ್ಯಾಡ್ರಿ" ಎಂದು ಅವನು ರಸ್ತೆಗೆ ಕೇಳುವಂತೆ ಕೂಗಿದ.

"ನೀ ಅವನ್ನ ಇಫ್ತಾರಿಗೆ ಕರದಿದ್ದೇನಪ?"

"ಒಂಟಿ ಮನಷ್ಯಾ ನಾ. ಅಡಗಿ ಮಾಡೋರ್ಯಾರು? ನಾ ಕರೀಲೇ ಇಲ್ರಿ."

ಸದ್ಯ, ಇವನೊಬ್ಬನಾದರೂ ಆ ಕಳ್ಳನ ಹಿಂದೆ ತಟ್ಟೆ ಹಿಡಿದು ಓಡಲಿಲ್ಲ ಎಂದುಕೊಂಡಳು ಸುವರ್ಣಾ. ಸರ್ವರಬೇಗಂ ಮಾತ್ರ ದಾರಿಯುದ್ದಕ್ಕೂ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಮನೆಗೆ ಬಂದವಳೇ ಸುತ್ತಲ ಊರುಗಳಲ್ಲಿದ್ದ ಹಳೇ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗಾಗಿ ಫೋನ್ ಹಚ್ಚಿದಳು. ನಡುವೆ ಜೇವರ್ಗಿಗೂ ಒಂದು ಹೋಯಿತು. "ಏನಂತ ನನಗರ ಹೇಳಾಪಾ!" ಎಂದು ಸುವರ್ಣಾ ಬಾಯಿ ಬಡಿದುಕೊಂಡರೆ, "ಶುಕ್ರವಾರ ಕೇಳ್ತೀಯಲ್ಲ" ಎಂಬ ಉತ್ತರ. ಇಂಥವಳ ಜೊತೆ ಮಾತಾಡುವುದಕ್ಕಿಂತ ಕಲ್ಲಿನ ಜೊತೆ ಮಾತಾಡಬಹುದು.

ಶುಕ್ರವಾರ ನಮಾಜು ಮುಗಿದ ಮೇಲೆ ಎಲ್ಲರೂ ಶಾದಿಖಾನೆಯಲ್ಲಿ ಸೇರಿದರು. ಅಫಜಲಪುರದ ಬೀಗರೂ ಬಂದು ಮುಂದಿನ ಕುರ್ಚಿಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಬಾಗಿಲ ಹತ್ತಿರ ಪೊಲೀಸ್ ಜಮಾದಾರ ಪರಮೇಶ ನಿಂತಿದ್ದ.

ಸರ್ವರಬೇಗಂ ಎದ್ದು ನಿಂತಳು. "ಆ ಮೆಹಮಾನಗ ರೋಜಾ ಬಿಡಿಸಿದವರು ಕೈ ಎತ್ರಿ."

ಒಂದು ಕೈಯೂ ಏಳಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಮಲಂಗಸಾಬ ಮೌಲಾಲಿಯ ಕಡೆ ತಿರುಗಿ, "ಮತ್ತ ನೀ...?" ಎಂದು ಅಲ್ಲಿಗೇ ನಿಲ್ಲಿಸಿದ.

"ಇವರಿಗೆ ಅವರ ಹೆಸರು, ಅವರಿಗೆ ಇವರ ಹೆಸರು ಹೇಳ್ಯಾನ. ಸವಾಬಿನ ಸಿಟ್ಟಿನ್ಯಾಗ ನೀವು ಒಬ್ಬರಿಗೊಬ್ಬರು ಕೇಳ್ಳೇ ಇಲ್ಲ. ಹಂಗಾದ್ರ ಮುಂಜಾನಿಂದ ಸಂಜಿತನಕಾ ಅಂವ ಕುಂತಿದ್ದೆಲ್ಲಿ, ತಿಂದಿದ್ದೆಲ್ಲಿ? ಊರಾಗ ಒಂದು ಗೂಡು ಇರಲೇಬೇಕು. ಬಜಾರದಿಂದ ನಡಕೋತ ಹೋಗೂವಷ್ಟು ಹತ್ರ. ಮನಿಮನಿ ಗುಟ್ಟು ಗೊತ್ತಿದ್ದವರ ಗೂಡು. ಇಡೀ ಜಮಾತು ಇಫ್ತಾರಿಗೆ ಕರದೀರಿ. ಕರೀದಾಂವ ಒಬ್ಬನ ಒಬ್ಬ. ಅಡಗಿ ಬರದಿದ್ರೇನಾತು, ಒಂದು ಖಜೂರಕ್ಕ ಅಡಗಿ ಬೇಕಾ? ಮನ್ಯಾಗ ಕುಂತಾಂವನ್ನ ಮತ್ತ ಯಾರು ಕರೀತಾರ?"

"ನಾ ಏನೂ ಮಾಡಿಲ್ರಿ!" ನಿಶಾತ ಜಿಗಿದೆದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು; ಇನ್ನೂ ಯಾರೂ ಅವನ ಹೆಸರೇ ಹೇಳಿರಲಿಲ್ಲ.

"ಸುವರ್ಣಾ, ಇವನ ಮನಿಗೆ ದುಪ್ಪಟ್ಟು ರೊಟ್ಟಿ ಹೋಗ್ತಿದ್ದದ್ದು ಯಾವ ವಾರ?"

ಸುವರ್ಣಾ ವಾರ ನೆನಪಿಸಿಕೊಂಡಳು. "ಸೋಮವಾರ... ಗುರುವಾರ. ಅಯ್ಯ ನನ್ನ ಹಾಟ್ಯಾ! ಮಧ್ಯಾಹ್ನದಾಗ! ಆ ಖಮರ ನಾಪತ್ತೆ ಆದ ಮ್ಯಾಲೆ ಬ್ಯಾಡ ಅಂದ." ರೋಜೇದಾರನ ಹೊಟ್ಟೆ ತುಂಬಿಸಿದ್ದು ತನ್ನ ಒಲೆಯೇ! ಅವನ ಗಂಟಲಲ್ಲಿ ಕೈಹಾಕಿ ರೊಟ್ಟಿ ಹೊರಗೆಳೆಯಬೇಕೆನ್ನುವಷ್ಟು ಸಿಟ್ಟು ಬಂತು ಅವಳಿಗೆ.

"ನನ್ನ ಅಳಿಯ ಬರ್ತಿದ್ದ, ಜೇವರ್ಗಿಯಿಂದ..." ನಿಶಾತ ತೊದಲಿದ. "ಅಲ್ಲ, ಹೆಂಡತಿ ತಮ್ಮ."

"ನಿನ್ನ ಹೆಂಡತಿಗೆ ಫೋನ್ ಮಾಡೀನಿ. ಆಕಿ ಹೋದ ಮ್ಯಾಲೆ ತವರಿನವರು ಯಾರೂ ಆಳಂದಕ್ಕ ಬಂದಿಲ್ಲ ಅಂದ್ಲು. ಖಮರ ಸೊಲ್ಲಾಪುರದ ನಿನ್ನ ಹಳೇ ದೋಸ್ತ ಅಂತನೂ ಆಕಿನ ಹೇಳಿದ್ಲು." ಸರ್ವರಬೇಗಂ ಬಾಗಿಲ ಕಡೆ ನೋಡಿದಳು. "ಕಳ್ಳ ಊರು ಬದಲಿಸ್ತಾನ, ಚಟ ಬದಲಿಸಂಗಿಲ್ಲ. ಚಾ ಮುಟ್ಟದ ಹೊಸ ಮೆಹಮಾನ ಯಾರ ಊರಿಗರ ಬಂದಾನೇನು ಅಂತ ಕೇಳಿದ್ದೆ. ಹವಳಗಾ ಊರಿನಿಂದ ಹೌದು ಅಂದ್ರು, ಠಾಣೆಕ್ಕ ತಿಳಿಸಿದೆ."

"ನಿನ್ನಿ ಹಿಡದೀವ್ರಿ" ಎಂದ ಪರಮೇಶ. "ಇವನ ಹೆಸರೂ ಹೇಳ್ಯಾನ. ಪಾಲು ಅರ್ಧಾರ್ಧ. ಆದ್ರ ರೊಕ್ಕ ಬಹಳ ಉಳದಿಲ್ರಿ."

ನಿಶಾತನನ್ನು ಜೀಪು ಹತ್ತಿಸಿದರು. ಬೀಗರು ಮುಖದ ಗಂಟು ಬಿಚ್ಚಿ ನಿಕಾಹದ ತಾರೀಖು ಮಾತಾಡತೊಡಗಿದರು. "ಲೇವಾದೇವಿ ಬರದಿಟ್ಟುಕೋರಿ ಅಂತ ನಮ್ಮ ಕಿತಾಬದಾಗನ ಅದ. ಕಾಗದ ಕೇಳಿದ್ರ ಇಮಾನ್ ಹೋಗಂಗಿಲ್ಲ" ಎಂದು ಸರ್ವರಬೇಗಂ ಹೇಳುತ್ತಿದ್ದರೆ ಅರ್ಧ ಜನ ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಮೌಲಾಲಿ ಕಂಬಕ್ಕೆ ಒರಗಿ ಒಬ್ಬನೇ ನಿಂತಿದ್ದ. ಬಾಯಿಗೆ ಬಂದಂತೆ ಬೈದವರಲ್ಲಿ ಒಬ್ಬನಿಗಾದರೂ 'ತಪ್ಪಾತಪ್ಪಾ' ಎನ್ನಲು ಬಾಯಿ ಬರಲಿಲ್ಲ. ಸುವರ್ಣಾಗೆ ಎಲ್ಲರ ಚಪ್ಪಲಿ ಎತ್ತಿ ಕೆರೆಗೆ ಎಸೆಯೋಣ ಅನಿಸಿತು.

ಅಷ್ಟರಲ್ಲಿ ವಜೀರುನ್ನಿಸಾ ಖಾಲಾ ಪರಮೇಶನ ತೋಳು ಹಿಡಿದಳು. "ಸಾಹೇಬ್ರ, ನಿನ್ನಿ ಗುರುವಾರ ಇತ್ತು. ಒಂದ್ ವ್ಯಾಳೆ ಖರೇನ ರೋಜಾ ಇದ್ನೋ ಏನೋ. ಠಾಣೆದಾಗ ಒಂದು ಖಜೂರರ ಕೊಟ್ರಿಲ್ಲೊ?"

"ಖಾಲಾ!" ಸುವರ್ಣಾ ಚೀರಿದಳು.

"ಖಾನಾವಳ್ಯಾಗ ಮಧ್ಯಾಹ್ನದ ಊಟಕ್ಕ ಕುಂತಾಗ ಹಿಡದೀವ್ರಿ" ಎಂದ ಪರಮೇಶ. "ತಾಟು ಮುಗಿಸೂತನಕಾ ನಾನ ಕಾದೀನಿ."

ಖಾಲಾ ಪರಮೇಶನ ತೋಳು ಬಿಟ್ಟಳು. ಆಮೇಲೆ ಸೆರಗು ಸರಿಮಾಡಿಕೊಂಡು ಕಂಬದ ಹತ್ತಿರ ಹೋದಳು. "ಮೌಲಾಲಿ, ಸಂಜಿಗಿ ಫರಹೀನನ್ನ ಕರಕೊಂಡು ನಮ್ಮನಿಗೆ ಬಾ ಬೇಟಾ. ಖೀರು ಮಾಡ್ತೇನಿ. ಇಷ್ಟು ದಿನ ಯಾರಿಗಿ ಮಾಡಬೇಕಿತ್ತೋ ಅವರಿಗಿ ಮಾಡ್ಲಿಲ್ಲ ನಾ."