ರಾಕ್ಷಸನ ಎರಡನೇ ಕೈ

“ನಿನ್ನ ರಾಕ್ಷಸ ಏನೇ ತಪ್ಪು ಮಾಡಿದಾನೆ?” ಪಕ್ಕದ ಬೆಂಚಿನ ಕಡ್ಡಿ ಚಿತ್ರ ಇಣುಕಿ ನೋಡಿ ಕೇಳಿದ.

ಗುಬ್ಬಿ ಪೆನ್ಸಿಲ್ ನಿಲ್ಲಿಸಿದಳು. “ಯಾಕೋ?”

“ಕೈ ಹಿಂದೆ ಕಟ್ಕೊಂಡು ನಿಂತಿದಾನಲ್ಲ, ಹೋಮ್‌ವರ್ಕ್ ಮಾಡದೆ ಬಂದೋರ ಥರ!”

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಗುಬ್ಬಿಯ ಕಿವಿ ಬಿಸಿಯಾಯಿತು. ಅವಳು ಬರೆದ ಭೂತ, ಮತ್ಸ್ಯಕನ್ಯೆ, ಮೂರು ತಲೆಯ ಮಾಟಗಾತಿ, ಎಲ್ಲರೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟವರೇ. ಹಾರುವ ಕುದುರೆಗೆ ಕೈಯೇ ಇಲ್ಲ ಅಂತ ಅದರ ಮೇಲೆ ಅವಳಿಗೆ ಸ್ವಲ್ಪ ಜಾಸ್ತಿ ಪ್ರೀತಿ. ಕೈ ಬರೆಯಲು ಹೋದರೆ ಪ್ರತಿಸಲ ಬಾಚಣಿಗೆಯೇ ಆಗುತ್ತಿತ್ತು.

ಆದರೆ ಶಾಲೆಯ ನಾಟಕದಲ್ಲಿ ರಾಕ್ಷಸ ಸ್ಕೂಲ್ ಬಸ್ಸನ್ನೇ ಎತ್ತುತ್ತಾನೆ. ಅದರ ಪೋಸ್ಟರನ್ನು “ನಾನೇ ಮಾಡ್ತೀನಿ ಮಿಸ್!” ಎಂದು ಹಾರಿಬಿದ್ದು ಒಪ್ಪಿಕೊಂಡವಳು ಗುಬ್ಬಿ.

“ನಾಳೆ ತಾ. ಎರಡೂ ಕೈಲಿ ಎತ್ತಿರಬೇಕು,” ಎಂದರು ಡ್ರಾಯಿಂಗ್ ಮಿಸ್. “ಆಗಲ್ಲ ಅಂದ್ರೆ ಈಗಲೇ ಹೇಳು, ಇವನು ಮಾಡ್ತಾನೆ.”

ಕಡ್ಡಿ ಹಲ್ಲು ಕಿರಿದ. “ಆಗತ್ತೆ ಮಿಸ್!” ಎಂದಳು ಗುಬ್ಬಿ, ಸ್ವಲ್ಪ ಜೋರಾಗಿಯೇ.

ಅಕ್ಕನಿಗೆ ವಿಡಿಯೋ ಗೇಮುಗಳಿಗೆ ಚಿತ್ರ ಬರೆಯುವ ಕೆಲಸ. ಸಂಜೆ ಮನೆಯಲ್ಲಿ ಗುಬ್ಬಿ ಕಾಡಿ ಬೇಡಿ ಅವಳ ಟ್ಯಾಬ್ ಇಸಿದುಕೊಂಡಳು.

“ಕೆಳಗಿನ ಲೇಯರಲ್ಲಿ ಕೈ ಫೋಟೋ ಇಡು, ಮೇಲಿನ ಲೇಯರಲ್ಲಿ ಅದರ ಮೇಲೇ ಗೆರೆ ಎಳಿ, ಟ್ರೇಸ್ ಮಾಡೋ ಥರ,” ಎಂದು ಹೇಳಿ ಅಕ್ಕ ಫೋನಿನಲ್ಲಿ ಮುಳುಗಿದಳು.

ಸೈಕಲ್ ರಿಪೇರಿ ಮುಗಿಸಿ ಬಂದ ಅಪ್ಪ ಸಿಕ್ಕಿಬಿದ್ದರು.

“ಅಪ್ಪಾ, ಈ ಆಲೂಗಡ್ಡೆ ಬಸ್ಸು ಅನ್ಕೋ. ಎತ್ತು. ಒಳಗೆ ತುಂಬಾ ಮಕ್ಕಳಿದಾರೆ.”

“ಎಲ್ಲರೂ ಟಿಕೆಟ್ ತಗೊಂಡಿದಾರಾ?”

“ಅಪ್ಪಾ! ರಾಕ್ಷಸನ ಥರ ಹಿಡ್ಕೋ!”

ಬರೀ ಕೈಯ ಫೋಟೋ ಆದರೂ ಅಪ್ಪ ಘರ್ಜಿಸಿಯೇ ಬಿಟ್ಟರು. ಪಕ್ಕದ ಮನೆಯ ನಾಯಿ ಉತ್ತರ ಕೊಟ್ಟಿತು.

ದಪ್ಪ ಬೆರಳು, ಕಪ್ಪು ಉಗುರು, ಕೂದಲು ಸಮೇತ ಕೈ ಮೂಡಿತು. ಗುಬ್ಬಿ ಅದನ್ನು ಕಾಪಿ ಮಾಡಿ ಬಸ್ಸಿನ ಇನ್ನೊಂದು ಬದಿಗೂ ಅಂಟಿಸಿದಳು. ಎಷ್ಟು ಸುಲಭ!

ಮರುದಿನ ದೊಡ್ಡ ಪ್ರಿಂಟನ್ನು ಬೋರ್ಡಿಗೆ ಹಚ್ಚಿದಾಗ ಯಾರೂ ನಗಲಿಲ್ಲ. ಕಡ್ಡಿ ಮಾತ್ರ ತನ್ನ ಕೈಗಳನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದ.

“ಮಿಸ್, ಎರಡೂ ಬಲಗೈ!”

ಎಲ್ಲರೂ ಗಾಳಿಯಲ್ಲೇ ಬಸ್ಸೊಂದನ್ನು ಎತ್ತಿ ತಮ್ಮ ಕೈ ನೋಡಿಕೊಂಡರು. ಮಿಸ್ ಕೂಡ ಎತ್ತಿದರು. ಹೌದು, ರಾಕ್ಷಸನ ಎರಡು ಹೆಬ್ಬೆರಳೂ ಒಂದೇ ಕಡೆಗಿದ್ದವು. ಗುಬ್ಬಿಗೆ ಅಳು ಬಂದಂತಾಯಿತು.

ಮಿಸ್ ತಪ್ಪು ಕೈಯ ಮೇಲೆ ಬಿಳಿ ಕಾಗದ ಅಂಟಿಸಿದರು. “ಮಧ್ಯಾಹ್ನ ಗೋಡೆಗೆ ಹಾಕಬೇಕು. ಇಲ್ಲಿ ಎಡಗೈ ಬರಿ. ಇಲ್ಲಾಂದ್ರೆ ಅವನಿಗೆ ಕೊಡು.”

ಟ್ಯಾಬ್ ಮನೆಯಲ್ಲಿತ್ತು. ಗುಬ್ಬಿ ಪೆನ್ಸಿಲ್ ಹಿಡಿದಳು. ಮತ್ತೆ ಬಾಚಣಿಗೆ! ಟ್ಯಾಬಿನಲ್ಲಾದರೆ ಎರಡು ಬೆರಳಿನಿಂದ ತಟ್ಟಿದರೆ ತಪ್ಪು ಮಾಯ. ಅವಳು ಅದೇ ಅಭ್ಯಾಸದಲ್ಲಿ ಕಾಗದವನ್ನು ತಟ್ಟಿದಳು. ಇನ್ನೊಮ್ಮೆ ತಟ್ಟಿದಳು.

“ಮಲಗಿಸ್ತಿದೀಯಾ ಅದನ್ನ?” ಎಂದ ಕಡ್ಡಿ.

ಗುಬ್ಬಿ ಸಿಟ್ಟಿನಿಂದ ರಬ್ಬರ್ ಉಜ್ಜಿದಳು. ಕಾಗದ ಸರಿಯದಂತೆ ಎಡಗೈಯಲ್ಲಿ ಒತ್ತಿ ಹಿಡಿದಳು. ಹಿಡಿದವಳು ಹಾಗೇ ನಿಂತಳು.

ಎಡಗೈ! ಅದು ಕಣ್ಣೆದುರೇ ಇತ್ತು.

ಅವಳು ಅದನ್ನು ಬಸ್ಸು ಎತ್ತುವ ಹಾಗೆ ಮೇಲೆತ್ತಿ ನೋಡಿದಳು. ಬೆರಳುಗಳು ಬಾಚಣಿಗೆಯ ಹಲ್ಲಿನಂತೆ ಒಂದೇ ಸಾಲಿನಲ್ಲಿ ಹುಟ್ಟುವುದಿಲ್ಲ. ಕಿರುಬೆರಳು ಪಕ್ಕದ ಮೂರಕ್ಕಿಂತ ಕೆಳಗಿನಿಂದ ಹೊರಡುತ್ತದೆ. ಹೆಬ್ಬೆರಳು ಮುನಿಸಿಕೊಂಡವರ ಹಾಗೆ ಬೇರೆ ದಿಕ್ಕಿಗೆ ತಿರುಗಿರುತ್ತದೆ. ಒಂದು ಗೆರೆ ಎಳೆದಳು, ನೋಡಿದಳು, ಮತ್ತೊಂದು ಎಳೆದಳು.

ಊಟದ ಬೆಲ್ಲಿನ ಹೊತ್ತಿಗೆ ರಾಕ್ಷಸನಿಗೆ ಒಂದು ಕೈ ಅಪ್ಪನದು, ಇನ್ನೊಂದು ಗುಬ್ಬಿಯದು. ಪುಟ್ಟ ಕೈ, ಅದೂ ಉಗುರು ಕಚ್ಚಿದ್ದು.

ಮಿಸ್ ನಗು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ನಗುತ್ತಲೇ ಪೋಸ್ಟರನ್ನು ಗೋಡೆಗೆ ಹಚ್ಚಿದರು.

“ಈ ಕೈನೂ ಟ್ರೇಸ್ ಮಾಡಿದ್ದಾ?” ಕಡ್ಡಿ ಮೂಗು ಕೆರೆಯುತ್ತಾ ಕೇಳಿದ.

“ಇಲ್ಲ, ನೋಡಿ ಬರೆದೆ.”

ಹಾಗೆಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಇಷ್ಟು ದಿನ ಬರೆದಿದ್ದಳೇ ಹೊರತು ಒಮ್ಮೆಯೂ ನೋಡಿರಲಿಲ್ಲ. ಈಗ ನೋಡಿದರೆ ಕಡ್ಡಿಯ ಮೂಗೂ ಎಂಥಾ ಮೂಗು! ತುದಿಯಲ್ಲಿ ಸಣ್ಣ ಗುಂಡು, ಪಕ್ಕಕ್ಕೆ ಸ್ವಲ್ಪ ಸೊಟ್ಟ.

ಅವಳು ಹೊಸ ಹಾಳೆ ತೆಗೆದಳು. “ಅಲ್ಲಾಡಬೇಡ್ವೋ.”

“ಯಾಕೆ?”

“ಮುಂದಿನ ಭೂತಕ್ಕೆ ಮೂಗು ಬೇಕು.”