ಎರಡನೆಯ ಬೇನೆ

"ಏಳ ಮ್ಯಾಲ! ನಿನ್ನ ನಾಟಕಾ ನೋಡೂದ ನಮಗ ದಿನದ ಉದ್ಯೋಗ ಆಗೇತಿ!"

ಸಾರಿನ ಪಾತ್ರೆಯೊಂದಿಗೆ ಅಡುಗೆಮನೆಯ ಹೊಸ್ತಿಲಲ್ಲೇ ಕುಸಿದಿದ್ದ ಸೊಸೆ ಜಿನಮತಿಯನ್ನು ಕಮಲಾಬಾಯಿ ಕೈಹಿಡಿದು ಎಬ್ಬಿಸಲಿಲ್ಲ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕಾದ ಜೈನರ ಮನೆ. ಚೆಲ್ಲಿದ ಸಾರಿನದೇ ಅವಳಿಗೆ ಸಂಕಟ.

ಭೋಜ ಎಂಬ ಹಳ್ಳಿಯ ಆ ಮನೆಗೆ ಜಿನಮತಿಯ ಬೇನೆ ಹೊಸದೇನಲ್ಲ. ೧೯೯೧ರಲ್ಲಿ ಅದು ಶುರುವಾದಾಗ, ಮುಂಜಾನೆ ನೆಟ್ಟಗಿದ್ದವಳಿಗೆ ಸಂಜೆಯಾದರೆ ರೆಪ್ಪೆ ಜೋತುಬೀಳುತ್ತಿತ್ತು, ರೊಟ್ಟಿ ಅಗಿಯಲೂ ದವಡೆ ಸೋಲುತ್ತಿತ್ತು. ಅತ್ತೆ ಆಗಲೂ ಸೋಗು ಎಂದೇ ಅಂದಿದ್ದಳು. ಗಂಡ ಉತ್ತಮನೊಬ್ಬನೇ ತಾಯಿಗೆ ಎದುರು ನಿಂತು ಹೆಂಡತಿಯನ್ನು ಮಿರಜಿನ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದ. ಸ್ನಾಯುಗಳ ಬಲ ಕುಂದಿಸುವ ರೋಗವೆಂದು ಡಾಕ್ಟರು ಗುಳಿಗೆ ಕೊಟ್ಟರು. ನುಂಗಿದ ಸ್ವಲ್ಪ ಹೊತ್ತಿಗೇ ಕಣ್ಣು ಅರಳುತ್ತಿತ್ತು... ಇನ್ನು ಬದುಕಿದೆ ಎಂದುಕೊಂಡಿದ್ದಳು ಜಿನಮತಿ!

ಆದರೆ ಎರಡು ವರ್ಷದ ನಂತರ ಬಂದಿದ್ದು ಬೇರೆ. ಸೊಂಟದಿಂದ ಕೆಳಗೆ ಜೋಮು, ಬಲಗಣ್ಣಿನ ಮುಂದೆ ಮಂಜು. ಯಾವ ಗುಳಿಗೆಗೂ ಅದು ಬಗ್ಗಲಿಲ್ಲ. ಸಾರು ಚೆಲ್ಲಿದ ಆ ಸಂಜೆ ಅವಳು ಗಂಡನ ಕೈ ಹಿಡಿದುಕೊಂಡಳು.

"ಇದು ಆ ಬ್ಯಾನಿ ಅಲ್ರಿ... ಕಣ್ಣ ಕಾಣವಲ್ದು. ಮಿರಜಿಗೆ ಹೋಗೂಣ್ರಿ..."

ಕಬ್ಬಿನ ಕಟಾವಿನಿಂದ ದಣಿದು ಬಂದಿದ್ದ ಉತ್ತಮ ಮೆಲ್ಲಗೆ ಕೈ ಬಿಡಿಸಿಕೊಂಡ. "ಅದ ಹಳೇ ಬ್ಯಾನಿ, ಜಿನ್ನೂ. ಡಾಕ್ಟರ್ ಹೇಳ್ಯಾರಲ್ಲ? ಗುಳಿಗಿ ತಗೊಂಡು ಮಲ್ಕೊ. ಕಟಾವು ಮುಗೀಲಿ."

ಅತ್ತೆಯ ಬೈಗುಳ ರೂಢಿಯಾಗಿತ್ತು. ಆದರೆ ಒಮ್ಮೆ ನಂಬಿದ್ದವನೇ ನಂಬದೆ ಹೋದಾಗ... ತುಂಬಿದ ಮನೆಯಲ್ಲಿ ಅವಳು ಒಬ್ಬಳೇ ಆದಳು.

ಕಟಾವು ಮುಗಿಯುವಷ್ಟರಲ್ಲಿ ಕಾಲು ಎತ್ತಲೂ ಆಗಲಿಲ್ಲ. ಆಗ ಮಿರಜಿಗೆ ಹೊತ್ತೊಯ್ದರು. ಪುಣೆಯಲ್ಲಿ ತೆಗೆಸಿದ ಸ್ಕ್ಯಾನ್ ನೋಡಿ ಡಾಕ್ಟರು ಉತ್ತಮನನ್ನು ಹತ್ತಿರ ಕರೆದರು.

"ಒಂದಲ್ಲ, ಎರಡು ಬ್ಯಾನಿ ಅದಾವ. ಮೈ ಕಾಯೋ ಶಕ್ತಿನ ಮೈಮ್ಯಾಲ ತಿರುಗಿ ಬಿದ್ದೈತಿ. ಮೊದಲ ಸ್ನಾಯು ಕೆಡಿಸ್ತು, ಈಗ ಮಿದುಳು, ಕಣ್ಣಿನ ನರಾ. ಒಬ್ಬರಿಗೇ ಎರಡೂ ಬರೂದು ಭಾಳ ಅಪರೂಪ. ಇನ್ನಷ್ಟು ಲಗೂನ ಬಂದಿದ್ರ ಕಣ್ಣು ಉಳೀತಿತ್ತೇನೋ..."

ಉತ್ತಮ ಮಂಚದ ಅಂಚಿಗೆ ಹಣೆ ಚಚ್ಚಿಕೊಂಡು ಅತ್ತ. "ಯಾಕ ಹೇಳಲಿಲ್ಲ ಜಿನ್ನೂ... ನನಗ ಗಟ್ಟಿಯಾಗಿ ಯಾಕ ಹೇಳಲಿಲ್ಲ!"

"ಹೇಳಿದ್ನಲ್ರಿ..." ಎಂದಳು ಅವಳು. ಅಷ್ಟೇ.

ಇಂಜೆಕ್ಷನ್ನುಗಳಿಂದ ಕಾಲಿಗೆ ಒಂದಿಷ್ಟು ಜೀವ ಬಂತು. ಬಲಗಣ್ಣಿನ ಬೆಳಕು ಮರಳಲಿಲ್ಲ. ಕಮಲಾಬಾಯಿ ಈಗ ತಾನೇ ಅನ್ನ ಕಲಸಿ ಉಣ್ಣಿಸುತ್ತಾಳೆ, "ತಪ್ಪಾತವ್ವಾ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ಜಿನಮತಿಗೆ ಯಾರ ಮೇಲೂ ಸಿಟ್ಟಿಲ್ಲ.

ಮೊನ್ನೆಯಿಂದ ಅವಳ ಎಡಗೈ ಬೆರಳುಗಳಲ್ಲಿ ಹೊಸದೊಂದು ಉರಿ ಶುರುವಾಗಿದೆ. ಹೊಲದಿಂದ ಬಂದ ಉತ್ತಮ ದಿನದಂತೆ ಮಂಚದ ಬಳಿ ಕುಳಿತು ಕೇಳಿದ:

"ಹೆಂಗದೀ, ಜಿನ್ನೂ?"

ಅವಳು ಆ ಕೈಯನ್ನು ಚಾದರದೊಳಗೆ ಎಳೆದುಕೊಂಡಳು.

"ಆರಾಮ ಅದೀನ್ರಿ."